ಚೈನೀಸ್ ಕ್ಯಾಬೇಜ್ ಮನೆಯಲ್ಲೇ ಬೆಳೆಯಲು: ಪುಣೆ, ಮುಂಬಯಿ, ಗೋವಾದ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಈ ತರಕಾರಿಯ ಬಗ್ಗೆ ವಿಚಾರಿಸುವವರು ಮೊದಲು ಗೊಬ್ಬರ ಯಾವುದೆಂದು ಕೇಳುತ್ತಾರೆ, ಆಮೇಲೆ ಔಷಧಿ ಯಾವುದೆಂದು ಕೇಳುತ್ತಾರೆ. ಯಾವ ತಿಂಗಳೆಂದು ಕೇಳುವವರು ಕಡಿಮೆ. ಬೆಳೆಯ ಮುಕ್ಕಾಲು ಭವಿಷ್ಯ ತೀರ್ಮಾನವಾಗುವುದು ಮಾತ್ರ ಬೀಜ ಹಾಕಿದ ವಾರದಲ್ಲಿ, ಮತ್ತು ನಿಮ್ಮ ಮನೆ ಘಟ್ಟದ ಮೇಲಿದೆಯೋ ಕೆಳಗಿದೆಯೋ ಎಂಬುದರಲ್ಲಿ. ನಾನಿರುವುದು ಪುಣೆಯಲ್ಲಿ. ಮುಂಬಯಿಯ ಬಾಲ್ಕನಿಗಳಲ್ಲಿ, ಗೋವಾದ ಹಿತ್ತಿಲುಗಳಲ್ಲಿ ಬಂಧುಗಳು ಬೆಳೆದದ್ದನ್ನೂ ನೋಡುತ್ತ ಬಂದಿದ್ದೇನೆ. ಮೂರೂ ಕಡೆಗೆ ಒಂದೇ ಉತ್ತರ ಹೊಂದುವುದಿಲ್ಲವಾದ್ದರಿಂದ ಬೇಕಾದಲ್ಲಿ ಊರಿನ ಹೆಸರು ಹಿಡಿದೇ ಹೇಳಿದ್ದೇನೆ.

ಚೈನೀಸ್ ಕ್ಯಾಬೇಜ್ ನಮ್ಮ ಎಲೆಕೋಸಿನದೇ ಇನ್ನೊಂದು ತಳಿಯೇ?

ಅಲ್ಲ. ಎಲೆಕೋಸು, ಹೂಕೋಸು, ನವಿಲುಕೋಸು ಇವೆಲ್ಲ ಬ್ರಾಸಿಕಾ ಒಲೆರೇಸಿಯಾ ಎಂಬ ಒಂದೇ ಪ್ರಭೇದಕ್ಕೆ ಸೇರಿದವು. ಚೈನೀಸ್ ಕ್ಯಾಬೇಜ್ ಬ್ರಾಸಿಕಾ ರಾಪಾ; ಟರ್ನಿಪ್ ಗಡ್ಡೆಯೂ ಉತ್ತರ ಭಾರತದ ಹಳದಿ ಸರಸೋಂ ಕೂಡ ಇದೇ ಪ್ರಭೇದ. ನಾವು ಒಗ್ಗರಣೆಗೆ ಹಾಕುವ ಸಾಸಿವೆ ಬ್ರಾಸಿಕಾ ಜುನ್ಸಿಯಾ. ಅದು ಹುಟ್ಟಿದ್ದೇ ಬ್ರಾಸಿಕಾ ರಾಪಾ ಮತ್ತು ಬ್ರಾಸಿಕಾ ನೈಗ್ರಾ ಎಂಬ ಎರಡು ಪ್ರಭೇದಗಳ ಸಹಜ ಸಂಕರದಿಂದ. ಆದ್ದರಿಂದ ಬೆಳೆಸುವಾಗ ಇದನ್ನು ಎಲೆಕೋಸೆಂದು ಭಾವಿಸುವುದಕ್ಕಿಂತ ಸಾಸಿವೆ ಸೊಪ್ಪಿನ ನೆಂಟನೆಂದು ಭಾವಿಸುವುದು ಒಳ್ಳೆಯದು: ಬೇಗ ಬೆಳೆಯುತ್ತದೆ, ನೀರು ಹೆಚ್ಚು ಬೇಡುತ್ತದೆ, ಕಾಲ ತಪ್ಪಿದರೆ ಬೇಗ ಹೂ ಬಿಡುತ್ತದೆ.

ಮನೆಯ ತೋಟಕ್ಕೆ ಎರಡು ಬಗೆ ಮುಖ್ಯ. ಉದ್ದನೆಯ, ತಿಳಿ ಹಸಿರಿನ, ಎಲೆಕೋಸಿನಂತೆ ಎಲೆಗಳು ಒಂದರ ಮೇಲೊಂದು ಸುತ್ತಿಕೊಂಡು ಗಡ್ಡೆ ಕಟ್ಟುವ ನಾಪಾ ಒಂದು. ಗಡ್ಡೆ ಕಟ್ಟದೆ ದಪ್ಪ ಬಿಳಿ ದಂಟು, ಚಮಚದಾಕಾರದ ಎಲೆ ಬಿಡುವ ಪಾಕ್ ಚೋಯ್ ಇನ್ನೊಂದು. ರಸ್ತೆಬದಿಯ ಚೈನೀಸ್ ಗಾಡಿಗಳಲ್ಲಿ ನೂಡಲ್ಸ್‌ಗೆ ಹೆಚ್ಚಿ ಹಾಕುವುದು ಇವೆರಡೂ ಅಲ್ಲ, ನಮ್ಮ ಮಾಮೂಲಿ ಎಲೆಕೋಸು.

ನಮ್ಮ ಊರಿನ ಹವೆಗೆ ಇದು ಬರುತ್ತದೆಯೇ?

ನಾಪಾ ಗಡ್ಡೆ ಕಟ್ಟಲು 15ರಿಂದ 20 ಡಿಗ್ರಿ ಸೆಲ್ಸಿಯಸ್ ಹಿತವಾದ ಉಷ್ಣಾಂಶ. ದಿನವಿಡೀ 25 ದಾಟಿ ನಿಂತರೆ ಎಲೆಗಳು ಹರಡಿಕೊಳ್ಳುತ್ತವೆ, ಒಳಗೆ ಬಿಗಿಯಾಗುವುದಿಲ್ಲ.

ಪುಣೆಯಲ್ಲಿ ಡಿಸೆಂಬರ್, ಜನವರಿಯ ಹಗಲು 30 ಡಿಗ್ರಿಯ ಹತ್ತಿರ ಇದ್ದರೂ ರಾತ್ರಿ 11–12ರ ಸುಮಾರಿಗೆ ಇಳಿಯುತ್ತದೆ. ಆ ರಾತ್ರಿಗಳೇ ಗಡ್ಡೆ ಕಟ್ಟಿಸುವುದು. ಮುಂಬಯಿಯಲ್ಲಿ ಜನವರಿಯ ರಾತ್ರಿ ಸಾಮಾನ್ಯವಾಗಿ 17ರ ಆಸುಪಾಸು, ಗೋವಾದಲ್ಲಿ 20ರ ಆಸುಪಾಸು. ಹಗಲು ಎರಡೂ ಕಡೆ 31–32. ಅಲ್ಲಿ ನಾಪಾ ಬದುಕುತ್ತದೆ, ಬಿಗಿಯಾದ ಗಡ್ಡೆ ಸಿಗುವುದು ಮಾತ್ರ ಕಷ್ಟ.

ಹಾಗಾಗಿ ನನ್ನ ಸಲಹೆ ನೇರವಾಗಿದೆ. ಪುಣೆಯವರು ನಾಪಾ ಹಾಕಿ. ಮುಂಬಯಿ ಮತ್ತು ಗೋವಾದವರು ಪಾಕ್ ಚೋಯ್ ಹಾಕಿ. ನಾಪಾದ ಆಸೆ ಬಿಡಲಾಗದಿದ್ದರೆ ಅದನ್ನು ಸೊಪ್ಪಿನಂತೆ ಎಳೆಯದಾಗಿಯೇ ಕೊಯ್ದು ತಿನ್ನಿ. ಎಳೆಯ ನಾಪಾ ಎಲೆಯ ರುಚಿ ಗಡ್ಡೆಯ ರುಚಿಗೇನೂ ಕಡಿಮೆಯಲ್ಲ. ಗಡ್ಡೆ ಆಗಲೇಬೇಕೆಂಬ ಹಟದಿಂದ ಕಾದು, ಕೊನೆಗೆ ಬಿಸಿಲಿಗೆ ಸುಟ್ಟ ಗಿಡವನ್ನು ಕಿತ್ತೆಸೆಯುವುದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಮೂರು ವಾರ ಮೊದಲೇ ಅದು ಒಳ್ಳೆಯ ಊಟವಾಗುತ್ತಿತ್ತು.

ಬೀಜ ಯಾವಾಗ ಹಾಕಬೇಕು?

ಪುಣೆಯಲ್ಲಿ ಘಟಸ್ಥಾಪನೆಯ ವಾರ. ನವರಾತ್ರಿಯ ಮೊದಲ ದಿನ ಮಹಾರಾಷ್ಟ್ರದ ಮನೆಗಳಲ್ಲಿಯೂ ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿಯೂ ಘಟದ ಸುತ್ತ ಮಣ್ಣು ಹಾಕಿ ಕಾಳು ಬಿತ್ತುತ್ತಾರಲ್ಲ, ಅದೇ ವಾರ ಸಸಿ ಟ್ರೇಗೂ ಬೀಜ ಬೀಳಲಿ. ಮಳೆ ಹಿಂದೆ ಸರಿಯುವ ಹೊತ್ತದು. ಸಸಿ ನಾಲ್ಕೈದು ಎಲೆ ಬಿಡುವಷ್ಟರಲ್ಲಿ ದೀಪಾವಳಿ ಹತ್ತಿರ ಬಂದಿರುತ್ತದೆ, ಆಗ ಕುಂಡಕ್ಕೋ ಮಡಿಗೋ ನಾಟಿ ಮಾಡಿ. ನಾಟಿಯಾದ 55ರಿಂದ 70 ದಿನಗಳಲ್ಲಿ ಬೇಗ ಬರುವ ತಳಿಗಳು ಕೊಯ್ಲಿಗೆ ಸಿದ್ಧವಾಗುತ್ತವೆ. ಸಂಕ್ರಾಂತಿಯ ಹೊತ್ತಿಗೆ ಗಡ್ಡೆ ಕೈಗೆ ಬರುತ್ತದೆ ಎಂದು ಲೆಕ್ಕ ಹಾಕಿ.

ಅಕ್ಟೋಬರಿನ ಬಿಸಿಲು ಸಸಿಗಳಿಗೆ ದೊಡ್ಡ ಗಂಡಾಂತರ. ಆ ಮೂರು ನಾಲ್ಕು ವಾರ ಟ್ರೇಯನ್ನು ಬೆಳಗಿನ ಬಿಸಿಲು ಮಾತ್ರ ಬೀಳುವ ಕಡೆ ಇಡಿ, ಇಲ್ಲವೇ ನೆರಳು ಬಲೆ ಕಟ್ಟಿ.

ಮುಂಬಯಿ ಮತ್ತು ಗೋವಾದಲ್ಲಿ ಆ ಸೆಕೆ ತುಸು ಇಳಿದ ಮೇಲೆ, ಅಂದರೆ ಅಕ್ಟೋಬರ್ ಕೊನೆ ಅಥವಾ ನವೆಂಬರ್ ಮೊದಲ ವಾರದಲ್ಲಿ ಆರಂಭಿಸಿ. ಪಾಕ್ ಚೋಯ್ 40–50 ದಿನಗಳ ಬೆಳೆ. ಎಲ್ಲ ಬೀಜವನ್ನೂ ಒಂದೇ ದಿನ ಸುರಿಯದೆ ಜನವರಿ ಮಧ್ಯದವರೆಗೂ ಎರಡು ಮೂರು ವಾರಕ್ಕೊಮ್ಮೆ ಒಂದು ಹಿಡಿ ಸಸಿ ಎಬ್ಬಿಸುತ್ತಿದ್ದರೆ ಮನೆಗೆ ಸೊಪ್ಪು ತಪ್ಪುವುದಿಲ್ಲ.

ಮಳೆಗಾಲದಲ್ಲಿ ಏಕೆ ಬೇಡ? ತಂಪಾಗಿಯೇ ಇರುತ್ತದಲ್ಲ?

ತಂಪಿರುತ್ತದೆ, ಬಿಸಿಲಿರುವುದಿಲ್ಲ, ಗಾಳಿಯಲ್ಲಿ ತೇವ ತುಂಬಿರುತ್ತದೆ. ಈ ಗಿಡದ ದಂಟಿನಲ್ಲಿ ನೀರಿನಂಶ ಬಹಳ. ಮೆದುಕೊಳೆ ರೋಗದ ಬ್ಯಾಕ್ಟೀರಿಯಾ ಒಂದು ಸಣ್ಣ ಗಾಯದಿಂದ ಒಳಹೊಕ್ಕರೆ ಎರಡು ಮೂರು ದಿನಗಳಲ್ಲಿ ಬುಡವೆಲ್ಲ ಲೋಳೆಯಾಗಿ ನಾರುತ್ತದೆ. ಅದಕ್ಕೆ ಔಷಧಿಯಿಲ್ಲ, ಗಿಡವನ್ನು ಕಿತ್ತು ದೂರ ಹಾಕಬೇಕು, ಕಾಂಪೋಸ್ಟಿಗೂ ಸೇರಿಸಬಾರದು. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುವ ಗೋವಾದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದನ್ನು ಬಯಲಲ್ಲಿ ಬೆಳೆಯಲು ಹೋಗಬೇಡಿ. ಆ ತಿಂಗಳುಗಳು ಹರಿವೆ, ಬಸಳೆ, ಕೆಸುವಿನವು.

ಬೀಜದಿಂದ ಸಸಿ ಮಾಡುವ ಕ್ರಮ ಹೇಗೆ?

ಬೀಜ ಸಾಸಿವೆ ಕಾಳಿನಂತೆಯೇ ಇರುತ್ತದೆ. ತೂತಿರುವ ಟ್ರೇ ಅಥವಾ ಕಾಗದದ ಲೋಟಗಳಲ್ಲಿ ಒಂದೊಂದಕ್ಕೆ ಎರಡು ಬೀಜ, ಒಂದು ಸೆಂಟಿಮೀಟರ್ ಆಳ. ಮೂರರಿಂದ ಐದು ದಿನಕ್ಕೆ ಮೊಳಕೆ ಬರುತ್ತದೆ. ಎರಡರಲ್ಲಿ ಬಡವಾದದ್ದನ್ನು ಕೀಳಬೇಡಿ, ಕತ್ತರಿಯಿಂದ ಕತ್ತರಿಸಿ. ಕಿತ್ತರೆ ಪಕ್ಕದ್ದರ ಬೇರು ಅಲುಗುತ್ತದೆ, ಮತ್ತು ಈ ಗಿಡ ಬೇರಿಗೆ ಪೆಟ್ಟಾಗುವುದನ್ನು ಸಹಿಸುವುದಿಲ್ಲ. ನಾಟಿ ಮಾಡುವಾಗಲೂ ಮಣ್ಣಿನ ಹೆಂಟೆ ಒಡೆಯದಂತೆ, ಸಂಜೆ ಹೊತ್ತು ನೆಟ್ಟು ನೀರುಣಿಸಿ.

ಪೊಟ್ಟಣದ ಬೀಜ ಗುಲಾಬಿಯೋ ನೀಲಿಯೋ ಬಣ್ಣದ್ದಾಗಿದ್ದರೆ ಅದಕ್ಕೆ ಶಿಲೀಂಧ್ರನಾಶಕ ಲೇಪಿಸಿರುತ್ತಾರೆ. ಬಿತ್ತಿದ ಮೇಲೆ ಕೈ ತೊಳೆಯಿರಿ. ಅಂಥ ಬೀಜವನ್ನು ಮೊಳಕೆ ಕಟ್ಟಿ ತಿನ್ನಲು ಬಳಸಲೇಬೇಡಿ.

ಎಷ್ಟು ದೊಡ್ಡ ಕುಂಡ ಬೇಕು? ಎಷ್ಟು ಬಿಸಿಲು?

ನಾಪಾ ಒಂದಕ್ಕೆ 12 ಇಂಚಿನ, 12–15 ಲೀಟರ್ ಮಣ್ಣು ಹಿಡಿಯುವ ಕುಂಡ. ಪಾಕ್ ಚೋಯ್ ಆದರೆ ಅದೇ ಕುಂಡದಲ್ಲಿ ಮೂರು ಗಿಡ. ನೆಲದಲ್ಲಿ ನಾಪಾಕ್ಕೆ 40 ಸೆಂಟಿಮೀಟರ್, ಪಾಕ್ ಚೋಯ್‌ಗೆ 20 ಸೆಂಟಿಮೀಟರ್ ಅಂತರ ಸಾಕು.

ಬಿಸಿಲು ಐದಾರು ಗಂಟೆ ಬೇಕು. ಪಾಕ್ ಚೋಯ್ ನಾಲ್ಕು ಗಂಟೆಯಲ್ಲೂ ಸುಧಾರಿಸಿಕೊಳ್ಳುತ್ತದೆ. ಮುಂಬಯಿ ಹೊರವಲಯದ ಡೊಂಬಿವಲಿಯ ಒತ್ತೊತ್ತು ಕಟ್ಟಡಗಳ ನಡುವಿನ ಬಾಲ್ಕನಿಗೆ ಇದೊಂದು ದೊಡ್ಡ ಅನುಕೂಲ. ಪೂರ್ವಕ್ಕೆ ಮುಖವಿದ್ದರೆ ಅತ್ಯುತ್ತಮ, ಪಶ್ಚಿಮಕ್ಕಿದ್ದರೆ ಮಧ್ಯಾಹ್ನ ಮೂರರ ನಂತರ ಒಂದು ತೆಳು ಬಟ್ಟೆಯ ನೆರಳು ಬೇಕಾಗುತ್ತದೆ.

ಮಹಡಿಯ ಮೇಲೆ ಇಡುವವರಿಗೆ ಒಂದು ಮಾತು. ನೆನೆದ ಮಣ್ಣಿನ 15 ಲೀಟರ್ ಕುಂಡ 20 ಕಿಲೋ ಮೀರಿ ತೂಗುತ್ತದೆ. ಸೊಸೈಟಿಯ ಒಪ್ಪಿಗೆ ಪಡೆದು, ಕಂಬ ಮತ್ತು ತೊಲೆಗಳು ಹಾದುಹೋಗುವ ಅಂಚಿನ ಗೆರೆಯಲ್ಲಿ ಜೋಡಿಸಿ. ಕಟಾಂಜನದ ಮೇಲೆ ಇಡಬೇಡಿ. ಕೆಳಗೆ ಮಕ್ಕಳು ಓಡಾಡುತ್ತಿರುತ್ತಾರೆ. ಕುಂಡದ ತಟ್ಟೆಯಲ್ಲಿ ನಿಂತ ನೀರನ್ನು ವಾರಕ್ಕೆ ಎರಡು ಬಾರಿಯಾದರೂ ಚೆಲ್ಲಿ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಗೆ ಅಷ್ಟು ನೀರು, ಒಂದು ವಾರ ಸಮಯ ಸಿಕ್ಕರೆ ಸಾಕು.

ಮಣ್ಣು ಹೇಗಿರಬೇಕು? ನಮ್ಮಲ್ಲಿ ಎರೆಮಣ್ಣು, ಗೋವಾದ ಅಕ್ಕನ ಮನೆಯಲ್ಲಿ ಕೆಂಪು ಮಣ್ಣು.

ಎರಡೂ ಕಡೆ ಬೆಳೆಯುತ್ತದೆ, ಬೇಕಾದ ಉಪಚಾರ ಬೇರೆ.

ಪುಣೆಯ ಎರೆಮಣ್ಣು ನೀರನ್ನೂ ಸಾರವನ್ನೂ ಚೆನ್ನಾಗಿ ಹಿಡಿಯುತ್ತದೆ, ಕುಂಡದಲ್ಲಿ ಮಾತ್ರ ಒಣಗಿದಾಗ ಬಿರುಕು ಬಿಟ್ಟು ನೆನೆದಾಗ ಮುದ್ದೆಯಾಗುತ್ತದೆ. ಎರಡು ಪಾಲು ಮಣ್ಣು, ಒಂದು ಪಾಲು ಎರೆಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ, ಕುಂಡಕ್ಕೊಂದು ಹಿಡಿ ಬೇವಿನ ಹಿಂಡಿ ಬೆರೆಸಿದರೆ ಸಡಿಲವಾಗುತ್ತದೆ.

ಗೋವಾದ ಜಂಬಿಟ್ಟಿಗೆ ಮಣ್ಣು ಆಮ್ಲೀಯ, ಮಳೆಗೆ ಸುಣ್ಣದಂಶವೆಲ್ಲ ತೊಳೆದುಹೋಗಿರುತ್ತದೆ. ಈ ಬೆಳೆಗೆ ಮಣ್ಣಿನ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, 6ರಿಂದ 7.5 ಬೇಕು. ನಾಟಿಗೆ ಎರಡು ಮೂರು ವಾರ ಮೊದಲು ಚದರ ಮೀಟರಿಗೆ 100–200 ಗ್ರಾಂ ಕೃಷಿ ಸುಣ್ಣ ಬೆರೆಸಿ, ಹಟ್ಟಿಗೊಬ್ಬರ ಧಾರಾಳವಾಗಿ ಹಾಕಿ. ಗದ್ದೆಯ ಭತ್ತ ಕೊಯ್ದ ಮೇಲೆ ಅಲ್ಲಿನವರು ತರಕಾರಿ ಮಡಿ ಮಾಡುವ ಕಾಲವೇ ನಿಮ್ಮದೂ. ಹಳೆ ಗೋವಾದಲ್ಲಿ ಕೇಂದ್ರೀಯ ಕರಾವಳಿ ಕೃಷಿ ಸಂಶೋಧನಾ ಸಂಸ್ಥೆಯಿದೆ. ಕರಾವಳಿಯ ಮಣ್ಣು, ತಳಿಗಳ ಬಗ್ಗೆ ಕೇಳಲು ಒಳ್ಳೆಯ ತಾಣ.

ಮುಂಬಯಿಯಲ್ಲಿ ಮಣ್ಣೇ ಸಿಗುವುದು ಕಷ್ಟವೆಂದು ಅನೇಕರು ಬರೀ ನಾರಿನ ಪುಡಿಯಲ್ಲಿ ಬೆಳೆಯುತ್ತಾರೆ. ಆ ಪುಡಿಯಲ್ಲಿ ಉಪ್ಪಿನಂಶ ಇರುತ್ತದೆ, ಮತ್ತು ಅದು ಸುಣ್ಣದಂಶವನ್ನು ತನ್ನಲ್ಲೇ ಹಿಡಿದಿಟ್ಟುಕೊಂಡು ಗಿಡಕ್ಕೆ ಕೊಡುವುದಿಲ್ಲ. ಎರಡು ಮೂರು ನೀರಿನಲ್ಲಿ ತೊಳೆದು ಬಳಸಿ. ಒಟ್ಟು ಮಿಶ್ರಣದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹಾಕಬೇಡಿ.

ಗೊಬ್ಬರ ಎಷ್ಟು, ಎಷ್ಟು ದಿನಕ್ಕೊಮ್ಮೆ?

ಎಲೆಯ ಬೆಳೆಯಾದ್ದರಿಂದ ಸಾರಜನಕ ಬೇಕು. ಶೇಂಗಾ ಹಿಂಡಿ 100 ಗ್ರಾಂ ಒಂದು ಲೀಟರ್ ನೀರಿನಲ್ಲಿ ಮೂರು ದಿನ ನೆನೆಸಿ, ಸೋಸಿ, ಹತ್ತು ಪಟ್ಟು ನೀರು ಬೆರೆಸಿ, ನಾಟಿಯಾದ ಎರಡು ವಾರದಿಂದ ಆರಂಭಿಸಿ ಹತ್ತು ದಿನಕ್ಕೊಮ್ಮೆ ಗಿಡಕ್ಕೆ ಅರ್ಧ ಲೀಟರ್ ಕೊಡಿ. ಗಡ್ಡೆ ಬಿಗಿಯಾಗತೊಡಗಿದ ಮೇಲೆ ನಿಲ್ಲಿಸಿ. ಆಗಲೂ ಸುರಿಯುತ್ತಿದ್ದರೆ ಎಲೆ ಮೆತ್ತಗಾಗಿ ಸಸ್ಯಹೇನು ಮುತ್ತುತ್ತದೆ.

ಒಳಗಿನ ಎಳೆಯ ಎಲೆಗಳ ಅಂಚು ಕಂದಾಗಿ ಸುಟ್ಟಂತಾಗಿದೆ. ಮೊಟ್ಟೆಯ ಚಿಪ್ಪಿನ ಪುಡಿ ಹಾಕಿದರೂ ನಿಂತಿಲ್ಲ. ಏಕೆ?

ಇದು ಎಲೆತುದಿ ಸುಡುವ ತೊಂದರೆ, ಕ್ಯಾಲ್ಸಿಯಂ ಕೊರತೆಯಿಂದ ಬರುವಂಥದ್ದು. ಕೊರತೆ ಇರುವುದು ಬಹುತೇಕ ಮಣ್ಣಿನಲ್ಲಿ ಅಲ್ಲ, ಆ ಎಲೆಯಲ್ಲಿ. ಕ್ಯಾಲ್ಸಿಯಂ ಗಿಡದೊಳಗೆ ನೀರಿನ ಜೊತೆಗೇ ಹರಿಯುತ್ತದೆ. ನೀರು ಹೆಚ್ಚು ಆವಿಯಾಗುವುದು ಬಿಸಿಲಿಗೆ ಬಿಚ್ಚಿಕೊಂಡ ಹೊರಗಿನ ಎಲೆಗಳಿಂದ. ಮುಚ್ಚಿಕೊಂಡ ಒಳ ಎಲೆಗಳಿಂದ ಆವಿ ಹೋಗುವುದು ಬಹಳ ಕಡಿಮೆ, ಆದ್ದರಿಂದ ಅವುಗಳಿಗೆ ಸಿಗುವ ಪಾಲೂ ಕಡಿಮೆ. ಒಂದು ದಿನ ಕುಂಡ ಪೂರ್ತಿ ಒಣಗಿ, ಮರುದಿನ ತುಂಬಿ ತುಳುಕಿದರೆ ಈ ಅಸಮತೋಲ ಇನ್ನೂ ಹೆಚ್ಚುತ್ತದೆ. ಸಾರಜನಕ ಅತಿಯಾಗಿ ಎಲೆ ದಡದಡನೆ ಬೆಳೆದರೂ ಹಾಗೆಯೇ.

ಮೊಟ್ಟೆಯ ಚಿಪ್ಪು ಕರಗಲು ತಿಂಗಳುಗಟ್ಟಲೆ ಬೇಕು. ಈ ಬೆಳೆಯ ಆಯುಸ್ಸೇ ಎರಡೂವರೆ ತಿಂಗಳು. ಆದ್ದರಿಂದ ನೀರನ್ನು ಸರಿಪಡಿಸಿ. ಬೆಳಿಗ್ಗೆ ಒಮ್ಮೆ, ಡಿಸೆಂಬರಿನ ಒಣ ಗಾಳಿಯ ದಿನಗಳಲ್ಲಿ ಸಂಜೆಯೂ ಸ್ವಲ್ಪ. ಬುಡಕ್ಕೆ ಒಣ ಎಲೆ ಅಥವಾ ಕಬ್ಬಿನ ರವದಿಯ ಹೊದಿಕೆ. ರವದಿ ಪುಣೆಯ ಸುತ್ತ ಬೇಕಾದಷ್ಟು ಸಿಗುತ್ತದೆ. ಈಗಾಗಲೇ ಸುಟ್ಟ ಅಂಚು ಹಸಿರಾಗುವುದಿಲ್ಲ. ಆ ಭಾಗ ಕತ್ತರಿಸಿ ಉಳಿದದ್ದನ್ನು ತಿನ್ನಬಹುದು.

ಕುಡಿಯುವ ನೀರಿನ ಶುದ್ಧೀಕರಣ ಯಂತ್ರ ಹೊರಚೆಲ್ಲುವ ನೀರನ್ನು ಹಾಕಬಹುದೇ?

ಸಸಿಗಳಿಗೆ ಬೇಡ. ಅದರಲ್ಲಿ ಲವಣ ಹೆಚ್ಚು, ಕುಂಡದಲ್ಲಿ ದಿನೇದಿನೇ ಸಂಗ್ರಹವಾಗುತ್ತದೆ. ನೀರಿನ ಕೊರತೆಯಿದ್ದರೆ ಬೆಳೆದ ಗಿಡಕ್ಕೆ ಅರ್ಧಕ್ಕರ್ಧ ನಲ್ಲಿನೀರು ಬೆರೆಸಿ ಆಗೀಗ ಕೊಡಿ. ಅಕ್ಕಿ, ಬೇಳೆ ತೊಳೆದ ನೀರು ಅಂದಂದೇ ಹಾಕುವುದಾದರೆ ತೊಂದರೆಯಿಲ್ಲ.

ಎಲೆಯೆಲ್ಲ ತೂತು. ಯಾವ ಹುಳು, ಏನು ಮಾಡಲಿ?

ತೂತಿನ ರೂಪವನ್ನು ಮೊದಲು ನೋಡಿ, ಔಷಧಿ ಆಮೇಲೆ.

ಸೂಜಿಯಿಂದ ಚುಚ್ಚಿದಂತೆ ನೂರಾರು ಸಣ್ಣ ತೂತುಗಳಿದ್ದು, ಮುಟ್ಟಿದ ಕೂಡಲೇ ಕಪ್ಪು ಚುಕ್ಕಿಗಳು ಜಿಗಿದರೆ ಅವು ಚಿಗಟ ದುಂಬಿಗಳು. ಎಳೆಯ ಸಸಿಗೆ ಮಾತ್ರ ಅಪಾಯ. ಐದಾರು ಎಲೆಯಾದ ಗಿಡ ತಾಳಿಕೊಳ್ಳುತ್ತದೆ.

ಎಲೆಯ ಕೆಳಗಿನ ಹಸಿರು ತಿಂದು ಮೇಲಿನ ತೆಳು ಪೊರೆಯನ್ನು ಕಿಟಕಿಯ ಗಾಜಿನಂತೆ ಉಳಿಸಿದ್ದರೆ ಅದು ವಜ್ರಬೆನ್ನಿನ ಪತಂಗದ ಮರಿಹುಳು. ಮುಟ್ಟಿದರೆ ಹಿಂದಕ್ಕೆ ನುಲಿಯುತ್ತ, ನೂಲಿನಲ್ಲಿ ಜೋತುಬೀಳುತ್ತದೆ. ಕೋಸಿನ ಬೆಳೆಗಳಿಗೆ ಜಗತ್ತಿನಾದ್ಯಂತ ಇದೇ ಕಾಟ. 1953ರಷ್ಟು ಹಿಂದೆಯೇ ಜಾವಾದಲ್ಲಿ ಡಿಡಿಟಿಗೂ ಜಗ್ಗದೆ ನಿಂತ ಕೀಟ ಇದು. ಆಮೇಲೆ ಬಂದ ವಿಷಗಳನ್ನೂ ಒಂದೊಂದಾಗಿ ಜಯಿಸುತ್ತ ಬಂದಿದೆ. ಅಂಗಡಿಯವರು ಕೊಟ್ಟ ವಿಷವನ್ನು ಮನೆಯವರು ತಿನ್ನುವ ಸೊಪ್ಪಿಗೆ ವಾರವಾರವೂ ಹೊಡೆಯುವುದನ್ನು ನಾನು ಬಲವಾಗಿ ವಿರೋಧಿಸುವುದು ಇದಕ್ಕೇ. ಹುಳು ಸಾಯುವುದಿಲ್ಲ, ಅದನ್ನು ತಿನ್ನುವ ಜೇಡ, ಕಣಜಗಳು ಸಾಯುತ್ತವೆ, ಉಳಿದ ವಿಷ ತಟ್ಟೆಗೆ ಬರುತ್ತದೆ.

ನಾಲ್ಕಾರು ಗಿಡವಿದ್ದವರಿಗೆ ಬಲೆಗಿಂತ ಉತ್ತಮ ಉಪಾಯವಿಲ್ಲ. ನಾಟಿ ಮಾಡಿದ ದಿನವೇ 40 ಮೆಶ್ (ಇಂಚಿಗೆ 40 ಕಣ್ಣು) ಕೀಟಬಲೆಯನ್ನು ಬಿದಿರು ಕಡ್ಡಿಯ ಕಮಾನಿನ ಮೇಲೆ ಹೊದಿಸಿ, ಅಂಚನ್ನು ಮಣ್ಣಿನಲ್ಲಿ ಹೂತುಬಿಡಿ. ಪತಂಗ ಮೊಟ್ಟೆಯಿಡಲು ಎಲೆಯೇ ಸಿಗುವುದಿಲ್ಲ. ಮುಂಬಯಿ, ಪುಣೆಯ ಪಾರಿವಾಳಗಳಿಂದಲೂ ಇದೇ ರಕ್ಷಣೆ. ಅವು ಸಸಿಯ ಚಿಗುರನ್ನು ಕುಟುಕಿ ಹಾಕುತ್ತವೆ. ಪರಾಗಸ್ಪರ್ಶ ಬೇಕಿಲ್ಲದ ಬೆಳೆಯಾದ್ದರಿಂದ ಬಲೆಯನ್ನು ಕೊನೆಯವರೆಗೂ ತೆಗೆಯಬೇಕಾಗಿಲ್ಲ.

ಹುಳು ಈಗಾಗಲೇ ಒಳಗಿದ್ದರೆ ಬೆಳಿಗ್ಗೆ ಎಲೆ ಮಗುಚಿ ಕೈಯಿಂದ ಆರಿಸಿ. ಬೇವಿನ ಬೀಜದ ತಿರುಳು 50 ಗ್ರಾಂ ಕುಟ್ಟಿ, ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಸೋಸಿ, ಚಿಟಿಕೆ ಸೋಪಿನ ಪುಡಿ ಸೇರಿಸಿ ಎಲೆಯ ಎರಡೂ ಬದಿಗೆ ಸಿಂಪಡಿಸಿ. ಅದಕ್ಕೂ ಬಗ್ಗದಿದ್ದರೆ ಬಿ.ಟಿ. ಎಂದು ಮಾರುವ, ಮರಿಹುಳು ಕೊಲ್ಲುವ ಬ್ಯಾಕ್ಟೀರಿಯಾ ಬ್ಯಾಸಿಲಸ್ ತುರಿಂಜಿಯೆನ್ಸಿಸ್‌ನ ಪುಡಿ, ಲೀಟರಿಗೆ ಒಂದು ಗ್ರಾಂ. ಬಿಸಿಲು ಅದನ್ನು ಕೆಡಿಸುವುದರಿಂದ ಸಂಜೆಯೇ ಹೊಡೆಯಬೇಕು. ಮರಿಹುಳು ಎಳೆಯದಿದ್ದಾಗಲೇ ಕೆಲಸ ಮಾಡುತ್ತದೆ. ತಿನ್ನುವುದನ್ನು ಕೆಲವೇ ಗಂಟೆಗಳಲ್ಲಿ ನಿಲ್ಲಿಸಿ ಎರಡು ಮೂರು ದಿನಕ್ಕೆ ಸಾಯುತ್ತದೆ.

ಎಲೆ ಮುದುಡಿ ಜಿಗುಟಾಗಿದ್ದರೆ ಸಸ್ಯಹೇನು. ಜೋರಾಗಿ ನೀರು ಹಾಯಿಸಿ ತೊಳೆಯಿರಿ. ಗುಲಗಂಜಿ ಹುಳುಗಳು ಓಡಾಡುತ್ತಿದ್ದರೆ ನಾಲ್ಕು ದಿನ ಕಾಯಿರಿ, ಅವು ನಿಮ್ಮ ಕೆಲಸ ಮಾಡುತ್ತಿವೆ.

ಅಂಚಿನಿಂದ ದೊಡ್ಡ ದೊಡ್ಡ ತುಂಡು ಹೋಗಿ ಹೊಳೆಯುವ ಲೋಳೆಯ ಗೆರೆಯಿದ್ದರೆ ಬಸವನಹುಳು. ಗೋವಾದಲ್ಲಿ, ಮುಂಬಯಿಯ ನೆಲಮಹಡಿಗಳಲ್ಲಿ ಹೆಚ್ಚು. ಕತ್ತಲಾದ ಮೇಲೆ ಟಾರ್ಚ್ ಹಿಡಿದು, ಕೈಗವಸು ಹಾಕಿಕೊಂಡು ಆರಿಸುವುದೇ ದಾರಿ. ಅಂಥ ಕಡೆ ಬೆಳೆದ ಎಲೆಯನ್ನು ಹಸಿಯಾಗಿ ತಿನ್ನದೆ ಬೇಯಿಸಿ ತಿನ್ನುವುದು ಕ್ಷೇಮ.

ಗಡ್ಡೆ ಕಟ್ಟುವ ಬದಲು ನಡುವಿನಿಂದ ಹೂವಿನ ದಂಟು ಬಂದಿದೆ. ಕತ್ತರಿಸಿದರೆ ಸರಿಹೋಗುತ್ತದೆಯೇ?

ಇಲ್ಲ, ಗಿಡ ಮನಸ್ಸು ಬದಲಿಸಿಯಾಗಿದೆ. ಎಳೆಯ ಗಿಡಕ್ಕೆ ಸತತವಾಗಿ ಚಳಿ ತಾಗಿ, ಆಮೇಲೆ ಸೆಕೆ ಏರಿ ಹಗಲು ಉದ್ದವಾದರೆ ಹೂವಿಗೆ ತಿರುಗುತ್ತದೆ. ಪುಣೆಯಲ್ಲಿ ಡಿಸೆಂಬರ್ ಕೊನೆಗೆ ನಾಟಿ ಮಾಡಿದವರಿಗೆ ಫೆಬ್ರವರಿಯಲ್ಲಿ ಹೀಗಾಗುತ್ತದೆ. ಮೊಗ್ಗು ಬಿರಿಯುವ ಮೊದಲು ದಂಟನ್ನು ಎಲೆ ಸಮೇತ ಕೊಯ್ದು ಬೆಳ್ಳುಳ್ಳಿ ಒಗ್ಗರಣೆಯಲ್ಲಿ ಬಾಡಿಸಿ, ಬಹಳ ರುಚಿ. ಎಲೆಗಳನ್ನು ಮೇಲಕ್ಕೆತ್ತಿ ದಾರ ಕಟ್ಟಿದರೆ ಗಡ್ಡೆಯಾಗುತ್ತದೆಯೇ ಎಂದೂ ಕೇಳುತ್ತಾರೆ. ಆಗುವುದಿಲ್ಲ. ಒಳಗೆ ಗಾಳಿಯಾಡದೆ ಕೊಳೆಯುವುದೇ ಹೆಚ್ಚು.

ಕೊಯ್ಲಿಗೆ ಬಂದಿದೆಯೆಂದು ತಿಳಿಯುವುದು ಹೇಗೆ? ಎಷ್ಟು ದಿನ ಇಡಬಹುದು?

ಅಂಗೈಯಲ್ಲಿ ಒತ್ತಿದಾಗ ನೆತ್ತಿ ಗಟ್ಟಿಯಾಗಿದ್ದರೆ ಕೊಯ್ಯಿರಿ. ಬುಡದಿಂದ ಒಂದೆರಡು ಇಂಚು ಬಿಟ್ಟು ಚಾಕುವಿನಿಂದ ಕತ್ತರಿಸಿದರೆ ಮೋಟಿನಿಂದ ಸಣ್ಣ ಚಿಗುರು ಬಂದು ಇನ್ನೊಂದು ಹೊತ್ತಿನ ಪಲ್ಯವಾಗುತ್ತದೆ. ಪೂರ್ತಿ ಗಡ್ಡೆಯನ್ನು ತೊಳೆಯದೆ, ಕಾಗದದಲ್ಲಿ ಸುತ್ತಿ ಫ್ರಿಜ್‌ನ ಕೆಳಖಾನೆಯಲ್ಲಿಟ್ಟರೆ ಎರಡು ಮೂರು ವಾರ ಚೆನ್ನಾಗಿರುತ್ತದೆ. ಪಾಕ್ ಚೋಯ್ ನಾಲ್ಕೈದು ದಿನ.

ನಮ್ಮ ಅಡುಗೆಗೆ ಇದು ಒಗ್ಗುತ್ತದೆಯೇ?

ಬಹಳ ಚೆನ್ನಾಗಿ. ನಾಪಾದ ಬಿಳಿ ದಂಟನ್ನು ಸಣ್ಣಗೆ ಹೆಚ್ಚಿ ಶೇಂಗಾ ಪುಡಿ, ಉಪ್ಪು, ಲಿಂಬೆ, ಮೇಲೆ ಒಗ್ಗರಣೆ ಹಾಕಿದ ಪಚಡಿ ಜೋಳದ ರೊಟ್ಟಿಯ ಜೊತೆ ಹೇಳಿ ಮಾಡಿಸಿದಂತಿದೆ. ಎಲೆಕೋಸಿಗಿಂತ ಬೇಗ ಬೇಯುತ್ತದೆ, ನೀರು ಬಿಡುತ್ತದೆ. ಪಲ್ಯಕ್ಕೆ ಉರಿ ಜೋರಿರಲಿ, ನೀರು ಹಾಕಬೇಡಿ, ಉಪ್ಪು ಕೊನೆಗೆ. ಕರಾವಳಿಯವರು ಎಲೆಕೋಸು ಹಾಕಿ ಮಾಡುವ ಖಾರದ ದೋಸೆಗೂ ಇದು ಹೊಂದುತ್ತದೆ, ಹೆಚ್ಚಿದ ಮೇಲೆ ಉಪ್ಪು ಬೆರೆಸಿ ಹಿಂಡಿಕೊಳ್ಳಬೇಕು ಅಷ್ಟೆ. ಹುದುಗಿಸಿದ ಉಪ್ಪಿನಕಾಯಿಯಂಥ ಕೊರಿಯಾದ ಕಿಮ್ಚಿಗೂ ಇದೇ ಗಡ್ಡೆ; ಅಲ್ಲಿನವರು ಊರೊಟ್ಟಾಗಿ ಕಿಮ್ಚಿ ಹಾಕುವ ಸಂಪ್ರದಾಯವನ್ನು ಯುನೆಸ್ಕೊ 2013ರಲ್ಲಿ ಪಾರಂಪರಿಕ ಪಟ್ಟಿಗೆ ಸೇರಿಸಿತು. ಮುಂಬಯಿಯ ಸೆಕೆಯಲ್ಲಿ ಕಿಮ್ಚಿ ಒಂದೆರಡು ದಿನಕ್ಕೇ ಹುಳಿ ಹಿಡಿಯುತ್ತದೆ, ಕೂಡಲೇ ಫ್ರಿಜ್‌ಗೆ ಇಡಿ.

ರಕ್ತ ತೆಳುವಾಗಿಸಲು ವಾರ್ಫರಿನ್ ತೆಗೆದುಕೊಳ್ಳುವವರು ಈ ಸೊಪ್ಪನ್ನು ಇದ್ದಕ್ಕಿದ್ದಂತೆ ಹೆಚ್ಚು ತಿನ್ನಬಾರದು. ಇದರಲ್ಲಿ ಕೆ ಜೀವಸತ್ವ ಇದೆ. ಥೈರಾಯಿಡ್ ತೊಂದರೆಯುಳ್ಳವರು ದಿನವೂ ಹಸಿಯಾಗಿ ತಿನ್ನದೆ ಬೇಯಿಸಿ ಮಿತವಾಗಿ ತಿಂದು, ವೈದ್ಯರನ್ನು ಕೇಳಿಕೊಳ್ಳಿ.

ನಮ್ಮದೇ ಬೀಜ ಮಾಡಿಟ್ಟುಕೊಳ್ಳಬಹುದೇ?

ಹೈಬ್ರಿಡ್ ಆಗಿದ್ದರೆ ಮುಂದಿನ ಪೀಳಿಗೆ ತಾಯಿಯಂತಿರುವುದಿಲ್ಲ. ನಾಟಿ ತಳಿಯಾದರೂ ಒಂದೇ ಗಿಡ ಬಿಟ್ಟರೆ ಬೀಜ ಕಟ್ಟುವುದು ಕಡಿಮೆ. ತನ್ನ ಪರಾಗವನ್ನು ತಾನೇ ಒಪ್ಪದ ಗಿಡವಿದು, ಐದಾರಾದರೂ ಒಟ್ಟಿಗೆ ಹೂ ಬಿಡಬೇಕು. ಹತ್ತಿರ ಟರ್ನಿಪ್ ಅಥವಾ ಪಾಕ್ ಚೋಯ್ ಹೂ ಬಿಟ್ಟಿದ್ದರೆ ಜೇನ್ನೊಣಗಳು ಬೆರೆಸಿಬಿಡುತ್ತವೆ. ಮನೆಯ ಮಟ್ಟಿಗೆ ಪೊಟ್ಟಣ ಕೊಳ್ಳುವುದೇ ಸುಲಭ. ಉಳಿದ ಬೀಜವನ್ನು ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಡಿ, ಮೂರು ವರ್ಷ ಮೊಳೆಯುತ್ತದೆ. ಮುಂಬಯಿಯ ಮಳೆಗಾಲದ ತೇವದಲ್ಲಿ ಹೊರಗಿಟ್ಟ ಬೀಜವನ್ನು ನಂಬಬೇಡಿ.

ಫೆಬ್ರವರಿಯ ನಂತರ ಅದೇ ಕುಂಡಕ್ಕೆ ಏನು ಹಾಕಲಿ?

ಮೂಲಂಗಿ, ಸಾಸಿವೆ, ನವಿಲುಕೋಸು ಬೇಡ. ಇದೇ ಕುಟುಂಬದವಾದ್ದರಿಂದ ಕೀಟ, ರೋಗ ಎರಡೂ ಮುಂದುವರಿಯುತ್ತವೆ. ಹಳೆಯ ಬೇರು ತೆಗೆದು, ಮಣ್ಣನ್ನು ಒಂದು ವಾರ ಬಿಸಿಲಿಗೆ ಹರಡಿ, ಹೊಸ ಗೊಬ್ಬರ ಬೆರೆಸಿ ರಾಜಗಿರಿ, ಬೆಂಡೆ, ಅಲಸಂದೆ ಅಥವಾ ಬಸಳೆ ಹಾಕಿ. ಅಲಸಂದೆಗೆ ನನ್ನ ಒಲವು ಹೆಚ್ಚು: ಪುಣೆಯ ಏಪ್ರಿಲ್ ಬಿಸಿಲನ್ನೂ ತಡೆಯುತ್ತದೆ, ಬೇರಿನ ಗಂಟುಗಳ ಮೂಲಕ ತನಗೆ ಬೇಕಾದ ಸಾರಜನಕವನ್ನು ಗಾಳಿಯಿಂದಲೇ ಪಡೆಯುತ್ತದೆ. ಕಾಯಿ ಮುಗಿದ ಮೇಲೆ ಬಳ್ಳಿಯನ್ನು ಕತ್ತರಿಸಿ ಬೇರನ್ನು ಮಣ್ಣಿನಲ್ಲೇ ಬಿಡಿ.